ಐವಿಂದ್ ತೋರಿಸದ ಕಡಲು

ಕಣ್ಣು ಬಿಡುವ ಮೊದಲೇ ಸಿಸೆಲ್‌ಗೆ ಕೇಳಿಸಿದ್ದು ಗುನ್ವೋರ್ ಬಾಯಿ ಮುಕ್ಕಳಿಸುವ ಸದ್ದು. ಹಡಗಿನ ಇಕ್ಕಟ್ಟು ಕೋಣೆಯಲ್ಲಿ, ಬಚ್ಚಲಿನ ತೆಳು ಬಾಗಿಲಿನಾಚೆ, ಎಪ್ಪತ್ತು ದಾಟಿದ ಹೆಂಗಸು ಯಾರ ಮುಲಾಜೂ ಇಲ್ಲದೆ ಗಳಗಳನೆ ನೀರಾಡಿಸಿ ಥೂ ಎಂದು ಉಗಿಯುತ್ತಿದ್ದಳು. ಈ ಸದ್ದನ್ನು ಐವಿಂದ್ ಎಷ್ಟೋ ವರ್ಷ ದಿನಾ ಬೆಳಿಗ್ಗೆ ಕೇಳಿದ್ದಿರಬೇಕು ಎನ್ನಿಸಿ ಸಿಸೆಲ್ ಹೊದಿಕೆಯನ್ನು ಕಿವಿಯ ಮೇಲಕ್ಕೆಳೆದುಕೊಂಡಳು. ತಾನು ಮುಕ್ಕಳಿಸುವಾಗ ಸದ್ದು ಹೊರಗೆ ಹೋಗದಿರಲೆಂದು ನಲ್ಲಿ ಬಿಟ್ಟುಕೊಳ್ಳುತ್ತಾಳೆ. ಮದುವೆಯ ಹೊಸತರಲ್ಲಿ ಶುರುವಾದ ಅಭ್ಯಾಸ, ಅವನು ತೀರಿಕೊಂಡ ಮೇಲೂ ಬಿಟ್ಟಿಲ್ಲ. ಅವನು ಮೊದಲು ಗುನ್ವೋರ್‌ಳ ಗಂಡ, ಆಮೇಲೆ ತನ್ನ ಗಂಡ. ಈಗ ಇಬ್ಬರಿಗೂ ಸೇರದೆ ಟ್ರೊಂಡ್‌ಹೈಮ್‌ನ ಚರ್ಚಿನ ಹಿಂದಿನ ಇಳಿಜಾರಿನಲ್ಲಿ ಮಲಗಿದ್ದಾನೆ. ಅವನನ್ನು ಮಣ್ಣು ಮಾಡಿ ಬಂದು ಎಲ್ಲರೂ ಕಾಫಿ ಕುಡಿಯುತ್ತಿದ್ದಾಗ ಗುನ್ವೋರ್ ಕೈಯಲ್ಲಿ ಸಾಲ್ಮನ್ ಮೀನಿಟ್ಟ ಬ್ರೆಡ್ಡಿನ ತುಂಡು ಹಿಡಿದು ನೇರ ಸಿಸೆಲ್‌ಳ ಮುಂದೆ ಬಂದು ನಿಂತಿದ್ದಳು. "ಬೇಸಿಗೇಲಿ ಸ್ವಾಲ್‌ಬಾರ್ಡ್ ದ್ವೀಪಗಳನ್ನ ಸುತ್ತೋ ಹಡಗಲ್ಲಿ ಕೋಣೆ ಹಿಡಿದಿದೀನಿ. ಇಬ್ಬರು ಮಲಗೋದು. ಗೊರಕೆ ಹೊಡೀತೀಯಾ?" "ಇಲ್ಲ," ಎಂದಿದ್ದಳು ಸಿಸೆಲ್. "ನಾನು ಹೊಡೀತೀನಿ. ಬಾ." ಅಷ್ಟೇ. ಅದು ಕರೆಯೋ, ಅಪ್ಪಣೆಯೋ, ಮೂವತ್ತು ಚಿಲ್ಲರೆ ವರ್ಷ ತಡವಾಗಿ ಬಂದ ಶಿಕ್ಷೆಯೋ ತಿಳಿಯದೆ ಸಿಸೆಲ್ ತಲೆಯಾಡಿಸಿಬಿಟ್ಟಿದ್ದಳು. ಆಗ ತನ್ನ ಕಪ್ಪು ಉಡುಪಿನ ಮೇಲೆ ಕಾಫಿ ಚೆಲ್ಲಿಕೊಂಡಿದ್ದು, ಗುನ್ವೋರ್ ತನ್ನ ಕರವಸ್ತ್ರದಿಂದಲೇ ಅದನ್ನು ಒರೆಸಿದ್ದು, ಎಲ್ಲರೂ ನೋಡುತ್ತಿದ್ದುದು ನೆನಪಾದರೆ ಇವತ್ತಿಗೂ ಕಿವಿ ಬಿಸಿಯಾಗುತ್ತದೆ.

ಹಡಗು ಹತ್ತಿದಾಗಿನಿಂದ ಅವಳು ಒಮ್ಮೆಯೂ ನೆಲಕ್ಕಿಳಿದಿಲ್ಲ. ದಿನಾ ಬೆಳಿಗ್ಗೆ ಕೆಂಪು ಜಾಕೆಟ್ಟು ತೊಟ್ಟವರೆಲ್ಲ ಬೂಟು ತೊಳೆಯುವ ತೊಟ್ಟಿಯಲ್ಲಿ ಕಾಲದ್ದಿ, ಒಬ್ಬರ ಹಿಂದೆ ಒಬ್ಬರು ಮೆಟ್ಟಿಲಿಳಿದು ರಬ್ಬರ್ ದೋಣಿಯಲ್ಲಿ ಕೂತು ಬುರ್ರೆಂದು ಹೋಗುತ್ತಾರೆ. ಸಿಸೆಲ್‌ಗೆ ಒಂದು ದಿನ ತಲೆನೋವು, ಒಂದು ದಿನ ಹೊಟ್ಟೆ ತೊಳಸು, ಒಂದು ದಿನ ಏನೂ ಇಲ್ಲದೆ ಬರೀ ಭಯ. ದೊಡ್ಡ ಕಿಟಕಿಯ ಬಳಿ ಕೂತು ಮೊಮ್ಮಗಳಿಗೆ ಕಾಲುಚೀಲ ಹೆಣೆಯುತ್ತಾಳೆ. ಮೊಮ್ಮಗಳೂ ನಿಜಕ್ಕೆ ಗುನ್ವೋರ್‌ಳ ಮೊಮ್ಮಗಳೇ, ಗುನ್ವೋರ್ ಮತ್ತು ಐವಿಂದ್‌ರ ಮಗಳು ಇಂಗ್ವಿಲ್‌ಳ ಕೂಸು. ಕಾಲುಚೀಲ ಮಾತ್ರ ತನ್ನದು. ಕಿಟಕಿಯಾಚೆ ಬೆಟ್ಟಗಳು ನಿಧಾನ ಸರಿಯುವಾಗ ಅವಳು ತಲೆಯೆತ್ತುವುದಿಲ್ಲ; ಬೇರೆಯವರ ಮನೆಯ ಮಲಗುವ ಕೋಣೆಯ ಬಾಗಿಲು ತೆರೆದಿದ್ದರೆ ಹೇಗೆ ಕಣ್ಣು ತಪ್ಪಿಸುತ್ತೇವೋ ಹಾಗೆ. ಊಟದ ಮೇಜಿನಲ್ಲಿ ಬರ್ಗೆನ್‌ನ ಬೋಳುತಲೆಯ ಗೃಹಸ್ಥನೊಬ್ಬ ಮೀನಿನ ಸಾರು ಸುರಿಯುತ್ತ, "ನೀವಿಬ್ರೂ ಅಕ್ಕತಂಗೀರಾ?" ಎಂದು ಕೇಳಿದ್ದಕ್ಕೆ ಗುನ್ವೋರ್ ಇಡೀ ಮೇಜಿಗೆ ಕೇಳುವ ಹಾಗೆ, "ಅಲ್ಲಪ್ಪ, ಒಂದೇ ಗಂಡನ್ನ ಒಬ್ಬರಾದ ಮೇಲೆ ಒಬ್ಬರು ಇಟ್ಕೊಂಡಿದ್ವಿ," ಎಂದಿದ್ದಳು. ಎಲ್ಲರೂ ನಕ್ಕಿದ್ದರು. ಸಿಸೆಲ್‌ಳ ಚಮಚ ಬಾಯಿಗೂ ಬಟ್ಟಲಿಗೂ ನಡುವೆ ನಿಂತುಬಿಟ್ಟಿತ್ತು. ಒಬ್ಬರಾದ ಮೇಲೆ ಒಬ್ಬರು ಎಂಬುದು ಅಷ್ಟೇನೂ ನಿಜವಲ್ಲ. ನಡುವೆ ಒಂದಷ್ಟು ಕಾಲ ಇಬ್ಬರೂ ಇದ್ದರು. ಅದು ಗುನ್ವೋರ್‌ಗೆ ಗೊತ್ತು, ತನಗೂ ಗೊತ್ತು. ಗೊತ್ತಿದ್ದೂ ಹಾಗೆಂದದ್ದು ಕರುಣೆಯೋ ಚುಚ್ಚೋ ಎಂದು ಆ ರಾತ್ರಿಯೆಲ್ಲ ಗೊರಕೆ ಕೇಳುತ್ತ ಯೋಚಿಸಿದ್ದಳು.

ಧ್ವನಿವರ್ಧಕ ಕೆಮ್ಮಿತು. ಯಾತ್ರೆಯ ಮುಖ್ಯಸ್ಥ ಟ್ರೊಂಡ್‌ನ ದನಿ, ಎಂದಿಗಿಂತ ಹುರುಪಿನದು: ಗಾಳಿ ಬಿದ್ದಿದೆ, ಬೆಟ್ಟಗಳ ನಡುವೆ ಕಡಲು ಒಳನುಗ್ಗಿದ ವುಡ್‌ಫ್ಯೋರ್ಡಿನ ಬಾಯಿ ಕಟ್ಟಿದ್ದ ಮಂಜುಗಡ್ಡೆ ಚದುರಿದೆ, ಬರುವುದಿಲ್ಲವೆಂದುಕೊಂಡಿದ್ದ ಕೊಲ್ಲಿಗೆ ಹಡಗು ಬಂದು ನಿಂತಿದೆ, ಹಳೆಯ ಬೇಟೆಗಾರರ ಗುಡಿಸಲು ನೋಡುವವರು ತಯಾರಾಗಬೇಕು. ಬಚ್ಚಲಿನಲ್ಲಿ ಸದ್ದು ನಿಂತಿತು. ಗುನ್ವೋರ್ ಬಾಯಿಯಲ್ಲಿ ಬ್ರಶ್ಶಿಟ್ಟುಕೊಂಡೇ ಹೊರಗೆ ಬಂದಳು. "ನಮ್ಮ ಗುಡಿಸಲು," ಎಂದಳು. ನಮ್ಮ ಎಂದರೆ ಯಾರು ಯಾರೆಂದು ಕೇಳುವ ಹಾಗಿರಲಿಲ್ಲ. ಅವಳೂ ಐವಿಂದ್‌ನೂ ಬೇಸಿಗೆಗಳನ್ನು ಕಳೆದದ್ದು ಅಲ್ಲೇ. ಸಿಸೆಲ್‌ಗೆ ಕಂಡದ್ದು ಮಾತ್ರ ಅವಳ ಮಂಡಿ. ನಿನ್ನೆ ದೋಣಿಯಿಂದ ಪಾಚಿಗಲ್ಲಿನ ಮೇಲೆ, ಕೈಚಾಚಿದ ನಾವಿಕನನ್ನು ಬದಿಗೆ ತಳ್ಳಿ, ಹುಯ್ಯೆಂದು ಕೂಗಿ ಹಾರಿದ್ದಳಂತೆ. ಈಗ ಮಂಡಿ ಉಬ್ಬಿದ ಬ್ರೆಡ್ಡಿನ ಹಾಗೆ ಊದಿ ಹೊಳೆಯುತ್ತಿತ್ತು.

ಆದರೂ ಅವಳು ಸುಮ್ಮನಾಗಲಿಲ್ಲ. ಗೋಡೆ ಹಿಡಿದು, ಸಿಸೆಲ್‌ಳ ಭುಜ ಹಿಡಿದು, ಇಳಿಯುವ ಮೆಟ್ಟಿಲಿನವರೆಗೂ ಬಂದಳು. ಹಡಗಿನ ವೈದ್ಯ ಇಳಿಯುವುದು ಬೇಡವೆಂದು ಹೇಳಿ ಹೋದ ಮೇಲೂ ಟ್ರೊಂಡ್‌ನನ್ನು ತಡೆದು ನಿಲ್ಲಿಸಿದಳು.

"ನಿಮ್ಮನ್ನ ಇಳಿಸಬಹುದು ಗುನ್ವೋರ್. ವಾಪಸ್ ಹತ್ತಿಸೋಕೆ ಕ್ರೇನ್ ಬೇಕಾಗುತ್ತೆ," ಎಂದ ಅವನು ಗಡ್ಡ ತುರಿಸಿಕೊಳ್ಳುತ್ತ.

"ಕ್ರೇನ್ ಇದೆಯಲ್ಲ ಮೇಲೆ. ತರಿಸು."

"ಅದರಲ್ಲಿ ಆಲೂಗಡ್ಡೆ ಮೂಟೆ ಎತ್ತೋದು."

"ನನ್ನನ್ನೂ ಆಲೂಗಡ್ಡೆ ಅಂದ್ಕೊ."

"ಆಲೂಗಡ್ಡೆ ಹೇಳಿದ ಮಾತು ಕೇಳುತ್ತೆ," ಎಂದ ಟ್ರೊಂಡ್. ಸಾಲಿನಲ್ಲಿ ನಿಂತವರು ನಕ್ಕರು. ಗುನ್ವೋರ್ ಕೂಡ ನಕ್ಕಳು, ನಗುತ್ತಲೇ ಮೆಟ್ಟಿಲಿನ ಮೇಲೆ ಕುಕ್ಕರಿಸಿದಳು, ಆಮೇಲೆ ನಗು ಎಲ್ಲೋ ಹೋಯಿತು. ಎತ್ತರದ ಆಳು, ಎಲ್ಲಿ ನಿಂತರೂ ಆ ಜಾಗ ತನ್ನದೇ ಎಂಬಂತೆ ನಿಲ್ಲುವವಳು. ಇಂಗ್ವಿಲ್‌ಳ ಮದುವೆಯಲ್ಲಿ ಐವಿಂದ್‌ನ ಒಂದು ಬದಿಗೆ ಅವಳು, ಇನ್ನೊಂದು ಬದಿಗೆ ತಾನು ನಿಂತ ಫೋಟೋದಲ್ಲಿ ತನ್ನ ಹಣೆ ಅವಳ ಹೆಗಲಿಗೂ ಬಂದಿರಲಿಲ್ಲ. ಈಗ ಮೇಲಿನಿಂದ ಅವಳ ನಡುನೆತ್ತಿ ಕಾಣುತ್ತಿತ್ತು. ಕೂದಲು ತೆಳುವಾಗಿ ಗುಲಾಬಿ ಚರ್ಮ ಇಣುಕುತ್ತಿತ್ತು. ಅದನ್ನು ನೋಡಿ ಒಳಗೆಲ್ಲೋ ಒಂದು ಸಣ್ಣ ಸಮಾಧಾನ ಮಿಸುಕಿದ್ದು ತಿಳಿದು ಸಿಸೆಲ್‌ಗೆ ತನ್ನ ಮೇಲೇ ಹೇಸಿಗೆಯಾಯಿತು.

"ನೀನು ಹೋಗು," ಎಂದಳು ಗುನ್ವೋರ್.

"ನಾನಾ?"

"ಇನ್ಯಾರು, ಬರ್ಗೆನ್‌ನ ಆ ಬೋಳನಾ? ಗುಡಿಸಲು ನೋಡ್ಕೊಂಡು ಬಾ ಹುಡುಗಿ. ಬಾಗಿಲಿದೆಯಾ, ಒಲೆ ಇದೆಯಾ. ಕಿಟಕಿ ಪಕ್ಕ ಕಡಲಲ್ಲಿ ತೇಲಿಬಂದ ಹಲಗೇಲಿ ನಾನೊಂದು ಬೆಂಚು ಹೊಡೆದಿದ್ದೆ, ಅದಿದೆಯಾ. ಅಷ್ಟೇ. ಇನ್ನೇನೂ ಬೇಡ ನಂಗೆ."

ಅರವತ್ತೇಳರ ತನ್ನನ್ನು ಹುಡುಗಿ ಎನ್ನುವವಳು ಲೋಕದಲ್ಲಿ ಇವಳೊಬ್ಬಳೇ. ಆಗುವುದಿಲ್ಲ ಎನ್ನಲು ಸಿಸೆಲ್ ಬಾಯಿ ತೆರೆದಳು. "ಒಲೆ ಯಾವ ಬಣ್ಣದ್ದು?" ಎಂದು ಕೇಳಿದಳು.

ಜಾಕೆಟ್ಟಿನ ಜಿಪ್ಪು ಹೊಟ್ಟೆಯ ಹತ್ತಿರ ಸಿಕ್ಕಿಕೊಂಡಿತು, ಯಾರೋ ಬಂದು ಮಗುವಿಗೆ ಹಾಕುವ ಹಾಗೆ ಎಳೆದು ಹಾಕಿದರು. ತೊಟ್ಟಿಯಲ್ಲಿ ಕಾಲಿಟ್ಟಾಗ ಜಾರಿದಳು. ದೋಣಿಗೆ ಇಳಿಯುವಾಗ ನಾವಿಕ ಅವಳ ಮುಂದೋಳನ್ನು ಗಟ್ಟಿಯಾಗಿ ಹಿಡಿದು, "ನನ್ನ ಮೂಗು ನೋಡಿ, ನೀರು ನೋಡಬೇಡಿ," ಎಂದ. ಅವಳು ಅವನ ಮೂಗು ನೋಡಿದಳು. ಅದು ಸುಲಿದು ಕೆಂಪಾಗಿತ್ತು. ಕೂತ ಮೇಲೆ ದೋಣಿಯಂಚಿನ ಹಗ್ಗವನ್ನು ಎಷ್ಟು ಬಿಗಿ ಹಿಡಿದಳೆಂದರೆ ಬೆರಳುಗಳು ಮರಗಟ್ಟಿದವು. ದೋಣಿ ಹಡಗಿನಿಂದ ಸಿಡಿದು ಹೊರಟಿತು. ಹಿಮ್ಮಡಿಯ ಕೆಳಗೆ ಒಂದು ತೆಳು ರಬ್ಬರು, ಅದರ ಕೆಳಗೆ ತಳವಿಲ್ಲದ ಕಪ್ಪು ನೀರು. ಕಣ್ಣು ಮುಚ್ಚಿದಳು. ಮುಚ್ಚಿದ ರೆಪ್ಪೆಯೊಳಗೆ ಬಂದದ್ದು ನಕ್ಷೆ. ಧ್ರುವ ಸಂಶೋಧನಾ ಸಂಸ್ಥೆಯ ನಕ್ಷೆ ವಿಭಾಗದಲ್ಲಿ, ಉತ್ತರದ ಕಿಟಕಿಯ ಬಳಿಯ ಓರೆ ಮೇಜಿನಲ್ಲಿ ಕೂತು, ಭೂವಿಜ್ಞಾನಿ ಐವಿಂದ್ ಬೇಸಿಗೆಯೆಲ್ಲ ಇಲ್ಲಿ ಅಲೆದು ಪೆನ್ಸಿಲ್‌ನಲ್ಲಿ ಗೀಚಿ ತಂದ ಹಾಳೆಗಳಿಗೆ ಶಾಯಿ ತುಂಬುತ್ತಿದ್ದವಳು ಅವಳೇ. ಈ ದಡದ ಒಂದೊಂದು ಡೊಂಕೂ ಅವಳ ಮಣಿಕಟ್ಟಿಗೆ ಗೊತ್ತು. ಪಕ್ಕದಲ್ಲಿ ಅವನು ನಿಂತಿರುತ್ತಿದ್ದ, ಬಿಸಿಲಿಗೆ ಮುಖ ಕಪ್ಪಾಗಿ, ಕೆನ್ನೆ ಒಳಸೇರಿ. ಕಲ್ಲಿನ ಬಗ್ಗೆ ಹೇಳುತ್ತಿದ್ದ. ಅವಳು ಪೆನ್ನೆತ್ತಿ ಅವನ ಮುಖ ನೋಡುತ್ತಿದ್ದಳು. ಒಂದು ಸಲ ಹಾಗೆ ನೋಡುತ್ತಿರುವಾಗಲೇ ಪೆನ್ನಿನ ತುದಿಯಿಂದ ತೊಟ್ಟು ಬಿದ್ದು ಕಡಲಲ್ಲಿ ಇಲ್ಲದ ದ್ವೀಪವೊಂದು ಹುಟ್ಟಿತ್ತು. ಇಬ್ಬರೂ ನಕ್ಕಿದ್ದರು. ಶುರುವಾದದ್ದು ಅಲ್ಲಿ. ಮದುವೆಯಾದ ಮೇಲೆ ಒಮ್ಮೆ, ಬರೀ ಒಮ್ಮೆ, ನಾನೂ ಬರಲಾ ಎಂದು ಕೇಳಿದ್ದಳು. "ಅಲ್ಲೇನಿದೆ ಸಿಸೆಲ್? ಕಲ್ಲು, ಮಂಜು, ಕೆಸರು. ನಿಂಗೆ ಹಿಡಿಸಲ್ಲ," ಎಂದು ಅವನು ಪತ್ರಿಕೆ ಮಡಿಸಿಟ್ಟಿದ್ದ. ಅವಳಿಗೆ ಕೇಳಿಸಿದ್ದು ಬೇರೆ: ಅದು ಗುನ್ವೋರ್‌ಳ ಜಾಗ. ಅಷ್ಟು ಮೇಲೆ, ಅಷ್ಟು ಬೆಳಕಿನಲ್ಲಿ, ಅವರಿಬ್ಬರೂ ಏನಾಗಿದ್ದರೋ ಅದಕ್ಕೆ ನಿನಗೆ ಪ್ರವೇಶವಿಲ್ಲ. ಮತ್ತೆ ಅವಳು ಕೇಳಲಿಲ್ಲ.

ಎಂಜಿನ್ ಸದ್ದು ತಗ್ಗಿತು. ಕಣ್ಣು ಬಿಟ್ಟಳು.

ಮೊದಲು ಏನೂ ಅರ್ಥವಾಗಲಿಲ್ಲ. ಕಣ್ಣಿಗೆ ಹಿಡಿಯಲು ಜಾಗ ಸಿಗಲಿಲ್ಲ. ಅವಳು ನಕ್ಷೆಯಲ್ಲಿ ಹೆಬ್ಬೆರಳಗಲ ಬರೆದಿದ್ದ ಕಡೆ ದೋಣಿ ಹೋಗುತ್ತಲೇ ಇತ್ತು, ದಡ ಬರುತ್ತಲೇ ಇರಲಿಲ್ಲ. ಗುಡ್ಡಗಳು ಕೆಂಪಗಿದ್ದವು, ನಿಜವಾಗಿಯೂ ಕೆಂಪಗೆ, ಆಗಷ್ಟೇ ತೊಳೆದ ಮಡಕೆಯ ಹಾಗೆ. ಅವನು ಹಾಳೆಯ ಅಂಚಿನಲ್ಲಿ 'ಕೆಂಪು' ಎಂದು ಬರೆದಿದ್ದನ್ನು ಅವಳು ಅಚ್ಚುಕಟ್ಟಾಗಿ ಸಣ್ಣ ಚುಕ್ಕೆಗಳಾಗಿ ಬದಲಿಸಿದ್ದಳು. ಆ ಕೆಂಪಿನ ನಡುವೆ ಹಿಮನದಿ ನೀಲಿಯಾಗಿ, ಸೀಳುಸೀಳಾಗಿ ಕಡಲಿಗೆ ಬಂದು ಮುರಿದಿತ್ತು. ನೀರಿನ ಮೇಲೆ ತೇಲುವ ಮಂಜುಗಡ್ಡೆಗಳಿಂದ ಬಾಣಲೆಯಲ್ಲಿ ಬೆಣ್ಣೆ ಸಿಡಿಯುವಂಥ ಚಿಟಿಚಿಟಿ. ಒಳಗೆ ಸಿಕ್ಕಿಕೊಂಡಿದ್ದ ಗಾಳಿ ಬಿಡುಗಡೆಯಾಗುವ ಸದ್ದು, ಎಂದ ಟ್ರೊಂಡ್, ಸಾವಿರಾರು ವರ್ಷದ ಹಳೇ ಗಾಳಿ. ಸಿಸೆಲ್ ತನಗರಿವಿಲ್ಲದೆ ಮೂಗರಳಿಸಿ ಉಸಿರೆಳೆದಳು. ಹಗ್ಗ ಯಾವಾಗ ಬಿಟ್ಟಿದ್ದಳೋ.

ದಡದಲ್ಲಿ ಇಳಿದ ಕೂಡಲೇ ಕವಲುಬಾಲದ ಪುಟ್ಟ ಬಿಳಿ ಹಕ್ಕಿಯೊಂದು ಕಿರುಚುತ್ತ ಬಂದು ಅವಳ ಟೊಪ್ಪಿಯನ್ನು ಕುಕ್ಕಿತು. "ಗೂಡಿದೆ ಅಲ್ಲಿ, ಕೈ ಮೇಲೆತ್ತಿ ನಡೀರಿ!" ಎಂದು ಟ್ರೊಂಡ್ ಕೂಗಿದ. ಹಿಮಕರಡಿಯ ಭಯಕ್ಕೆ ಬಂದೂಕು ಹೆಗಲಿಗೇರಿಸಿಕೊಂಡು, ಗುಡಿಸಲಿಗೆ ಈಗಲೇ ಹೋಗುವವರು ತನ್ನ ಜೊತೆ, ಸುಧಾರಿಸಿಕೊಂಡು ಬರುವವರು ಎರಡನೇ ಗುಂಪಿನಲ್ಲಿ, ಎಂದ. ಗುಡಿಸಲು ಎಡಕ್ಕೆ, ಮರಳದಿಣ್ಣೆಯ ಮರೆಯಲ್ಲಿತ್ತು. ಸಿಸೆಲ್ ಎರಡನೇ ಗುಂಪಿಗೆಂದು ಉಳಿದಳು. ನೀರಿನಂಚಿನಲ್ಲಿ, ಬಂದೂಕು ಹಿಡಿದು ಕಾವಲು ನಿಂತ ಹಡಗಿನ ಹೆಂಗಸೊಬ್ಬಳ ಕಣ್ಣಳತೆಯಲ್ಲೇ, ಬಾಗಿಲು, ಒಲೆ, ಬೆಂಚು ಎಂದು ಮನಸ್ಸಿನಲ್ಲಿ ಜಪಿಸುತ್ತ ನಿಂತಳು. ಬಾಗಿಲು, ಒಲೆ, ಬೆಂಚು.

ಮೊದಲು ಬಂದದ್ದು ಉಸಿರು. ಯಾರೋ ಹತ್ತಿರದಲ್ಲೇ ನಿಟ್ಟುಸಿರು ಬಿಟ್ಟಂತೆ. ತಿರುಗಿದಳು, ಯಾರೂ ಇಲ್ಲ. ಮತ್ತೊಂದು ಉಸಿರು, ಮತ್ತೆರಡು. ಆಗ ಬೂದು ನೀರಿನಲ್ಲಿ ಬಿಳಿಯ ಬೆನ್ನೊಂದು ಮೇಲೆದ್ದು, ಹೊಳೆದು, ಅವಸರವೇ ಇಲ್ಲದೆ ಒಳಗಿಳಿಯಿತು. ಕಲ್ಲೆಸೆದರೆ ತಾಕುವಷ್ಟು ಹತ್ತಿರ. ಅದರ ಹಿಂದೆ ಇನ್ನೊಂದು. ಬಿಳಿ ತಿಮಿಂಗಿಲಗಳು ದಡವನ್ನು ಉಜ್ಜುವ ಹಾಗೆ, ಸಾಲಾಗಿ, ಕೊನೆಯೇ ಇಲ್ಲದಂತೆ ಬರುತ್ತಿದ್ದವು. ಹಿಮದ ಬಿಳುಪಲ್ಲ, ಹಾಲಿನದೂ ಅಲ್ಲ. ಒಳಗಿನಿಂದ ದೀಪ ಹಿಡಿದಂಥ ಬಿಳುಪು. ಒಂದು ತಲೆಯೆತ್ತಿ ಕತ್ತು ಹೊರಳಿಸಿತು. ಕಣ್ಣು ಅವಳ ಮೇಲೆ ಬಿತ್ತು, ಕಲ್ಲಿನ ಮೇಲೆ ಬಿದ್ದಷ್ಟೇ ಸಹಜವಾಗಿ, ಮುಂದೆ ಸರಿಯಿತು. ಆ ನೋಟಕ್ಕೆ ಸಿಸೆಲ್ ಯಾರ ಎರಡನೇ ಹೆಂಡತಿಯೂ ಅಲ್ಲ, ಯಾರ ಜಾಗಕ್ಕೂ ಬಂದವಳಲ್ಲ. ಈ ಬೆಳಕಿಗೆ, ಈ ನೀರಿಗೆ ತಾನು ಬೇಕಾಗಿಲ್ಲ ಎಂದು ಹೊಳೆಯಿತು. ಬೇಕಾಗಿಲ್ಲದಿರುವುದು ಅವಮಾನವಲ್ಲದೆ ಹೀಗೂ ಇರಬಹುದೆಂದು ಈ ಜನ್ಮದಲ್ಲಿ ಮೊದಲ ಸಲ ತಿಳಿಯಿತು. ದೂರದಲ್ಲಿ ಹಿಮನದಿಯ ಒಂದು ಗೋಡೆ ಸದ್ದಿಲ್ಲದೆ ಜಾರಿತು, ಬಹಳ ಹೊತ್ತಿನ ಮೇಲೆ ಗುಡುಗು ಬಂತು. ಹಿಂದಿನಿಂದ ಕಾವಲಿನ ಹೆಂಗಸು ಏನೋ ಕೇಳಿದಳು, ಸಿಸೆಲ್ ತಲೆಯಾಡಿಸಿದಳು. ಮತ್ತೇನೋ ಕೇಳಿದಳು, ಮತ್ತೆ ತಲೆಯಾಡಿಸಿದಳು. ಬೆನ್ನುಗಳು ಏಳುತ್ತಿದ್ದವು, ಮುಳುಗುತ್ತಿದ್ದವು. ಬಾಯಿ ತೆರೆದೇ ಇತ್ತೆಂದು ತಿಳಿದದ್ದು ಹಲ್ಲು ಚಳಿಗೆ ಜುಮ್ಮೆಂದಾಗ.

ಮಂಜು ಇಳಿಯುತ್ತಿದೆ, ಎಲ್ಲರೂ ದೋಣಿಗೆ ಎಂದು ಕೂಗು ಬಂತು. ಯಾರೋ ತೋಳು ಹಿಡಿದು ಹತ್ತಿಸಿದರು. ಬೋಳುತಲೆಯ ಗೃಹಸ್ಥ ಪಕ್ಕದಲ್ಲಿ ಕೂತು ಗುಡಿಸಲಿನ ಬಗ್ಗೆ ಏನೋ ಹೇಳತೊಡಗಿದ. ಹಡಗಿನ ಗೋಡೆ ಎದುರು ಎದ್ದು ನಿಂತ ಮೇಲೆ, ಅವನ ಮಾತಿನ ನಡುವಿನ 'ಒಲೆ' ಎಂಬ ಶಬ್ದ ಚಳಿಯ ಹಾಗೆ ಅವಳ ಬೆನ್ನಿನೊಳಕ್ಕೆ ಇಳಿಯಿತು.

ಅವಳು ಗುಡಿಸಲು ನೋಡಿರಲಿಲ್ಲ.

ಒಂದು ಕೆಲಸ. ಒಂದೇ ಕೆಲಸ ಹೇಳಿದ್ದಳು ಗುನ್ವೋರ್. ಮೂವತ್ತು ವರ್ಷದಲ್ಲಿ ಮೊದಲ ಸಲ ಏನೋ ಕೇಳಿದ್ದಳು. ಮೆಟ್ಟಿಲು ಹತ್ತುತ್ತ ಸಿಸೆಲ್ ಸುಳ್ಳೊಂದನ್ನು ಕಟ್ಟತೊಡಗಿದಳು: ಬಾಗಿಲು ಇದೆ, ಸ್ವಲ್ಪ ವಾಲಿದೆ, ಒಲೆಗೆ ತುಕ್ಕು ಹಿಡಿದಿದೆ, ಬೆಂಚು, ಹಾಂ, ಬೆಂಚು ಇದೆ. ಬೋಳನನ್ನು ಇನ್ನಷ್ಟು ಕೇಳಬಹುದಿತ್ತು. ಅಷ್ಟರಲ್ಲಿ ಮೇಲಟ್ಟದಲ್ಲಿ ಕಂಬಳಿ ಸುತ್ತಿಕೊಂಡು, ಕಾಲನ್ನು ಇನ್ನೊಂದು ಕುರ್ಚಿಯ ಮೇಲೆ ಚಾಚಿ ಕೂತಿದ್ದ ಗುನ್ವೋರ್ ಕಂಡಳು. ತೊಡೆಯ ಮೇಲೆ ದುರ್ಬೀನು.

"ಬಾಗಿಲು…" ಎಂದು ಶುರುಮಾಡಿದಳು ಸಿಸೆಲ್. ಗುನ್ವೋರ್ ಕಾಯುತ್ತಿದ್ದಳು. ಮುಖ ಮಗುವಿನದಾಗಿತ್ತು. ಸಿಸೆಲ್‌ಗೆ ಆಗಲಿಲ್ಲ. "ನಾನು ನೋಡಲಿಲ್ಲ. ಮರೆತುಬಿಟ್ಟೆ. ತಿಮಿಂಗಿಲ ಬಂದವು, ಬಿಳೀವು, ಇಷ್ಟು ಹತ್ತಿರ, ನಾನು ಅಲ್ಲೇ ನಿಂತುಬಿಟ್ಟೆ. ಕ್ಷಮಿಸು ಗುನ್ವೋರ್. ಗುಡಿಸಲು ತಲೇಲೇ ಇರಲಿಲ್ಲ. ಐವಿಂದ್ ತಲೇಲಿರಲಿಲ್ಲ, ನೀನೂ ಇರಲಿಲ್ಲ. ಏನೂ ಇರಲಿಲ್ಲ."

ಗುನ್ವೋರ್‌ಳ ಭುಜ ಅಲುಗಿತು. ನಗು ಹೊಟ್ಟೆಯಿಂದೆದ್ದು, ಮಂಡಿ ನೋಯಿಸಿ, ಅಯ್ಯೋ ಅಯ್ಯೋ ಎನ್ನುತ್ತ ಮತ್ತೆ ನಗುವಾಯಿತು. "ಕಂಡೆ ಕಂಡೆ. ದುರ್ಬೀನಲ್ಲಿ ಕಾಣ್ತಿತ್ತು. ಒಳ್ಳೇ ನೆಟ್ಟ ಗೂಟದ ಹಾಗೆ ನಿಂತಿದ್ದೆ ಮಹಾರಾಯ್ತಿ. ಎಲ್ಲರೂ ಅತ್ತ ಹೋದ್ರು, ಬಂದ್ರು, ನಿನ್ನ ಕೆಂಪು ಜಾಕೆಟ್ಟು ಅಲ್ಲಾಡಲಿಲ್ಲ."

"ಬೈದುಬಿಡು."

"ಯಾಕೆ ಬೈಯಲಿ? ನಾನು ಮಾಡಿದ್ದೂ ಅದೇ." ಕಣ್ಣೊರೆಸಿಕೊಂಡಳು. "ಮೊದಲನೇ ಬೇಸಿಗೆ ನಾನು ಬಂದದ್ದು ಅವನ ಹಿಂದೆ. ಅವನೆಲ್ಲೋ ನಾನೂ ಅಲ್ಲೇ. ಆಮೇಲಾಮೇಲೆ… ಸಂಜೆ ಕಲ್ಲು ಹಿಡ್ಕೊಂಡು ಬರೋನು, ನೋಡು ಗುನ್ವೋರ್, ನೋಡು ಅನ್ನೋನು. ನಾನು ಹೂಂ ಅಂತಿದ್ದೆ, ಕಣ್ಣೆಲ್ಲ ಹೊರಗೆ. ಒಂದು ಸಲ ಹಿಮದ ಬಿರುಕಲ್ಲಿ ಬಿದ್ದು ಪಕ್ಕೆ ಮುರ್ಕೊಂಡಿದ್ದ. ಉಸಿರಾಡಿದ್ರೆ ನೋವು. ನಂಗೆ ಗೊತ್ತಾಗಲೇ ಇಲ್ಲ ಕಣೆ. ಅವನೇ ಹೇಳಬೇಕಾಯ್ತು. ಅದನ್ನ ಹೇಳುವಾಗ ಅವನ ಮುಖ ನೋಡಬೇಕಿತ್ತು ನೀನು."

ಸಿಸೆಲ್ ರೇಲಿಂಗ್ ಹಿಡಿದು ನಿಂತಳು.

"ನೀನು ಅವನ್ನ ಕಸ್ಕೊಂಡೆ ಅಂತ ಇಷ್ಟು ವರ್ಷ ತಲೆ ತಗ್ಗಿಸ್ಕೊಂಡು ಓಡಾಡಿದೆಯಲ್ಲ. ನೀನು ಬರೋ ಹೊತ್ತಿಗೆ ಅವನ್ನ ನೋಡೋರೇ ಇರಲಿಲ್ಲ. ಇದನ್ನ ಎಂದೋ ಹೇಳಬಹುದಿತ್ತು ನಾನು. ಹೇಳಲಿಲ್ಲ. ನಿಜ ಹೇಳಲಾ? ನಿನ್ನ ತಗ್ಗಿದ ತಲೆ ನೋಡೋಕೆ ಚೆನ್ನಾಗಿತ್ತು."

ಸಿಸೆಲ್‌ಗೆ ಸಿಟ್ಟು ಬಂತು. ಎಷ್ಟೋ ಕಾಲದಿಂದ ಇಷ್ಟು ಶುದ್ಧವಾದ ಸಿಟ್ಟು ಬಂದಿರಲಿಲ್ಲ. ಅದರಲ್ಲಿ ನಿಲ್ಲುವುದಕ್ಕೆ ಒಂಥರಾ ಸುಖವೂ ಇತ್ತು. "ಅವನೇನು ನೀನು ಬಿಸಾಕಿದ ಸಾಮಾನಾ? ನಾನೇನು ದಾರೀಲಿ ಹೆಕ್ಕಿಕೊಂಡೆನಾ?"

"ಅಲ್ಲ," ಎಂದಳು ಗುನ್ವೋರ್, ನಗದೆ. "ಒಳ್ಳೆಯವನು. ಒಳ್ಳೆಯವನ್ನ ನೋಡಬೇಕಿತ್ತು. ನೀನು ನೋಡಿದೆ. ಸಾಯೋ ತನಕ ನೋಡಿದೆ. ನನ್ನ ಕೈಲಿ ಆಗದ್ದು ಅದು."

ಸಿಟ್ಟು ಅಲ್ಲಿಯೇ ಕಾಲು ಕಳೆದುಕೊಂಡಿತು. ಕೆಳಗೆ ನೀರು, ಅದರ ಮೇಲೆ ಮಂಜು ಬಂದು ಕೂರುತ್ತಿತ್ತು. ಊರಿನಲ್ಲಿ, ಅಡುಗೆಮನೆಯ ಮೇಜಿನಲ್ಲಿ ಐವಿಂದ್ ಯಾವಾಗಲೂ ಕಿಟಕಿಗೆ ಬೆನ್ನು ಹಾಕಿಯೇ ಕೂರುತ್ತಿದ್ದ. ಕಿಟಕಿಯಾಚೆ ಫ್ಯೋರ್ಡಿತ್ತು, ಸಂಜೆ ಬಂಗಾರವಾಗುತ್ತಿತ್ತು. ಇಷ್ಟು ವರ್ಷ ಕಡಲು ಕಂಡವನಿಗೆ ಸಾಕಾಗಿದೆ ಎಂದು ಅವಳು ತಿಳಿದಿದ್ದಳು. ಅವನು ಕೂರುತ್ತಿದ್ದದ್ದು ಅವಳಿಗೆ ಎದುರಾಗಿ. ಅವಳು ಬ್ರೆಡ್ಡು ಕೊಯ್ಯುತ್ತ ತಲೆಯೆತ್ತಿದರೆ ಸಿಗುವ ಕಡೆ. ಅಲ್ಲೇನಿದೆ ಸಿಸೆಲ್, ಕಲ್ಲು, ಮಂಜು, ಕೆಸರು ಎಂದಾಗ ಅವನ ದನಿಯಲ್ಲಿದ್ದದ್ದು ತಾತ್ಸಾರವಲ್ಲ, ಭಯ. ಒಬ್ಬಳನ್ನು ಕರೆತಂದು ಕಳೆದುಕೊಂಡಿದ್ದ. ಇನ್ನೊಬ್ಬಳನ್ನೂ ಈ ಕಡಲಿಗೆ ತೋರಿಸಲು ಧೈರ್ಯ ಬರಲಿಲ್ಲ. ಹೆದರಬೇಡವೋ, ನಾನು ಹಾಗಲ್ಲ ಎಂದು ಈಗ ಹೇಳಲು ಹೋದರೆ ಅದೂ ಸುಳ್ಳು. ಅವನ ಒಲೆಯಿದ್ದ, ಅವನು ಮಲಗೆದ್ದ ಗುಡಿಸಲು ಇನ್ನೂರು ಹೆಜ್ಜೆಯಾಚೆ ಇದ್ದಾಗ ತಾನು ತಲೆ ಕೂಡ ತಿರುಗಿಸಿರಲಿಲ್ಲ. ಅವನು ಹೆದರಿದ್ದು ಸರಿಯೇ ಆಗಿತ್ತು. ಹೂತು ಬಂದಾಗಲೂ ಬಾರದ ಅಳು ಈಗ ಬಂತು, ತಪ್ಪಿತಸ್ಥಳ ಅಳುವಲ್ಲ, ಬರೀ ಹೆಂಡತಿಯದು. ಗುನ್ವೋರ್ ತಡೆಯಲಿಲ್ಲ, ಬೆನ್ನು ಸವರಲಿಲ್ಲ. ಪಕ್ಕದ ಕುರ್ಚಿಯಿಂದ ತನ್ನ ಕಾಲನ್ನು ಎರಡೂ ಕೈಯಿಂದೆತ್ತಿ ಕೆಳಗಿಟ್ಟಳು, ನೋವಿಗೆ ಹಲ್ಲು ಕಚ್ಚಿ. "ಕೂತ್ಕೊ," ಎಂದಳು.

ಕೂತಳು. ಯಾರೋ ದೋಸೆಯಂಥ ಬಿಸಿ ವಾಫಲ್, ಕಂದು ಚೀಸು ತಂದಿಟ್ಟು ಹೋದರು. ಮಂಜು ಹಡಗನ್ನು ಪೂರ್ತಿ ಮುಚ್ಚಿತ್ತು. ಕೆಂಪು ಗುಡ್ಡ, ದಡ, ನೀರು ಒಂದೂ ಇರಲಿಲ್ಲ. ಇಬ್ಬರೂ ತಿಂದರು. ಹಸಿವಾಗಿತ್ತು.

"ಎಷ್ಟಿದ್ದವು?" ಎಂದಳು ಗುನ್ವೋರ್.

"ಎಣಿಸೋಕಾಗಲಿಲ್ಲ. ಬರ್ತಾನೇ ಇದ್ದವು."

"ಹೇಳು. ದುರ್ಬೀನಲ್ಲಿ ಬರೀ ನಿನ್ನ ಜಾಕೆಟ್ಟು ಕಂಡದ್ದು ನಂಗೆ."

ಸಿಸೆಲ್ ಬೆರಳಿನ ಸಕ್ಕರೆ ಒರೆಸಿಕೊಂಡು ಹೇಳತೊಡಗಿದಳು. ಮೊದಲು ಉಸಿರು ಕೇಳಿಸಿದ್ದು, ಯಾರೋ ನಿಂತಿದ್ದಾರೆಂದು ತಿರುಗಿದ್ದು. ಅವಳಿಗೆ ಮಾತು ಸಾಲುತ್ತಿರಲಿಲ್ಲ, ಕೈಯಲ್ಲೇ ತೋರಿಸಿದಳು, ಬೆನ್ನು ಹೇಗೆ ಏಳುತ್ತದೆ, ಹೇಗೆ ಒಳಗಿಳಿಯುತ್ತದೆ. ಗುನ್ವೋರ್ ಕಣ್ಣು ಮುಚ್ಚಿದ್ದಳು. ನಿದ್ದೆ ಹೋದಳೇನೋ ಎಂದು ಸಿಸೆಲ್ ನಿಲ್ಲಿಸಿದರೆ, ಹೂಂ, ಎನ್ನುತ್ತಿದ್ದಳು. ಒಂದು ತಾಯಿ ತಿಮಿಂಗಿಲದ ಜೊತೆ ಬೂದು ಬಣ್ಣದ ಮರಿಯೊಂದಿತ್ತು, ಅಮ್ಮನ ಪಕ್ಕೆಗೆ ಅಂಟಿಕೊಂಡೇ ಬರುತ್ತಿತ್ತು, ಎಂದಳು ಸಿಸೆಲ್.

"ಯಾವ ಕಡೆ? ಕಡಲಿನ ಕಡೆಗಾ, ದಡದ ಕಡೆಗಾ?"

ಸಿಸೆಲ್ ಮಂಜಿನೊಳಗೆ ನೋಡಿದಳು. ಸ್ಪಷ್ಟವಾಗಿ ಕಾಣುತ್ತಿತ್ತು.

"ದಡದ ಕಡೆಗೆ."

"ಹೌದು," ಎಂದಳು ಗುನ್ವೋರ್, ಕಣ್ಣು ತೆರೆಯದೆ. "ಆಮೇಲೆ?"